ಕನ್ನಡ ಜನಪದ ರಾಕ್

ಕನ್ನಡ ಜನಪದ ರಾಕ್ ಎಂಬುದು ಕನ್ನಡದ ಜನಪದ ಗೀತೆ, ತತ್ವಪದ ಮತ್ತು ಅವುಗಳ ಧಾಟಿಯ ಹೊಸ ರಚನೆಗಳನ್ನು ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಮೊದಲಾದ ರಾಕ್ ವಾದ್ಯಗಳೊಂದಿಗೆ ಹಾಡುವ ಸಂಗೀತ ಪ್ರಕಾರ. ಇದನ್ನು ಕನ್ನಡ ಫೋಕ್ ರಾಕ್ ಎಂದೂ ಕರೆಯುತ್ತಾರೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮತ್ತು ಮೈಸೂರಿನ ಯುವ ಸಂಗೀತಗಾರರ ನಡುವೆ ರೂಪುಗೊಂಡ ಈ ಪ್ರಕಾರವು 2008ರಲ್ಲಿ ಪ್ರಕಟವಾದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಿಂದ ವ್ಯಾಪಕ ಮನ್ನಣೆ ಪಡೆಯಿತು. ಶಿಶುನಾಳ ಷರೀಫರ ಪದಗಳು ಇದರ ಮುಖ್ಯ ಸಾಹಿತ್ಯಮೂಲಗಳಲ್ಲೊಂದು. ತುಮಕೂರು ಜಿಲ್ಲೆಯ ಗುಬ್ಬಿಯ ರಂಗಪರಂಪರೆ, ಕುಣಿಗಲ್ ಕೆರೆಯ ಜನಪದ ಹಾಡು ಮತ್ತು ಕಾಡುಗೊಲ್ಲರ ಗಣೆವಾದನ ಇದರ ಹಿನ್ನೆಲೆಯನ್ನು ಅರಿಯಲು ನೆರವಾಗುವ ಪರಂಪರೆಗಳು.

ಚಲನಚಿತ್ರ ಸಂಗೀತದ ಹೊರಗೆ ಬೆಳೆದ ಪ್ರಕಾರವಾದ್ದರಿಂದ ಇದರಲ್ಲಿ ಸ್ವಯಂ ಬಿಡುಗಡೆಗೆ, ಅಂದರೆ ಕಂಪನಿಯ ನೆರವಿಲ್ಲದೆ ಕಲಾವಿದರೇ ಆಲ್ಬಮ್ ಹೊರತರುವ ಪದ್ಧತಿಗೆ, ವಿಶೇಷ ಮಹತ್ವವಿದೆ. ಜನಪದ ಹಾಡು ಎಲ್ಲರ ಸ್ವತ್ತು. ಆದರೆ ಅದರ ಧ್ವನಿಮುದ್ರಣಕ್ಕೆ ಕಾನೂನಿನ ಪ್ರಕಾರ ಒಬ್ಬ ಒಡೆಯನಿರುತ್ತಾನೆ. ಹಾಡಿದವರೇ ಆ ಒಡೆತನವನ್ನು ಉಳಿಸಿಕೊಳ್ಳುವರೋ ಇಲ್ಲವೋ, ಮುದ್ರಣವು ಮುಂದಿನ ಪೀಳಿಗೆಗೆ ದೊರೆಯುವುದೋ ಇಲ್ಲವೋ ಎಂಬುದನ್ನು ಬಿಡುಗಡೆಯ ವಿಧಾನವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಪಾಶ್ಚಾತ್ಯ ಹಿನ್ನೆಲೆ

ಫೋಕ್ ರಾಕ್ ಎಂಬ ಹೆಸರು 1965ರಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂತು. ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಗೀತೆಯನ್ನು ದಿ ಬರ್ಡ್ಸ್ ತಂಡವು ವಿದ್ಯುತ್ ಗಿಟಾರ್‌ಗಳೊಂದಿಗೆ ಹಾಡಿ ಜನಪ್ರಿಯಗೊಳಿಸಿದ್ದು ಆ ವರ್ಷ. ಅದೇ ವರ್ಷದ ಜುಲೈನಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಹಾಡಿದಾಗ ಸಂಪ್ರದಾಯಪ್ರಿಯ ಶ್ರೋತೃಗಳಲ್ಲಿ ಕೆಲವರು ಪ್ರತಿಭಟಿಸಿದರು. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡವು 1969ರ 'ಲೀಜ್ ಅಂಡ್ ಲೀಫ್' ಆಲ್ಬಮ್‌ನಲ್ಲಿ ತನ್ನ ನಾಡಿನ ಹಳೆಯ ಲಾವಣಿಗಳನ್ನು ರಾಕ್ ವಾದ್ಯಗಳಿಗೆ ಹೊಂದಿಸಿತು.

ಇದೇ ಅವಧಿಯಲ್ಲಿ ಸೈಕೆಡೆಲಿಕ್ ಜನಪದ ಸಂಗೀತ ಎಂಬ ಕವಲು ಹುಟ್ಟಿತು. ಕನಸಿನಂಥ ಪ್ರತಿಮೆಗಳು, ಒಂದೇ ಸ್ವರವನ್ನು ಹಿಡಿದು ನಿಲ್ಲುವ ಶ್ರುತಿ, ಪ್ರತಿಧ್ವನಿ ಮತ್ತು ಪೌರಸ್ತ್ಯ ವಾದ್ಯಗಳ ಬಳಕೆ ಇದರ ಲಕ್ಷಣಗಳು. ಸ್ಕಾಟ್ಲೆಂಡಿನ ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್ ಇದರ ಪ್ರಮುಖ ತಂಡ. 1965ರ 'ರಬ್ಬರ್ ಸೋಲ್' ಆಲ್ಬಮ್‌ನ ಗೀತೆಯೊಂದರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ ಬಳಿಕ ಭಾರತೀಯ ವಾದ್ಯಗಳ ನಾದ ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಪರಿಚಿತವಾಯಿತು.

ಈ ಕವಲಿನ ಹಲವು ಗಮನಾರ್ಹ ಆಲ್ಬಮ್‌ಗಳು ಒಬ್ಬನೇ ಸಂಗೀತಗಾರನ ಪ್ರಯತ್ನದಿಂದ ಹುಟ್ಟಿದವು. ಫಿಲಡೆಲ್ಫಿಯಾದ ಪೆರಿ ಲಿಯೊಪೋಲ್ಡ್ 1970ರಲ್ಲಿ ತನ್ನ ಆಲ್ಬಮ್‌ನ ಕೇವಲ 300 ಪ್ರತಿಗಳನ್ನು ಅಚ್ಚು ಹಾಕಿಸಿದ. ಗ್ಯಾರಿ ಹಿಗ್ಗಿನ್ಸ್ 1973ರಲ್ಲಿ ಸೆರೆವಾಸಕ್ಕೆ ಹೋಗುವ ಮುನ್ನ ಮುದ್ರಿಸಿದ 'ರೆಡ್ ಹ್ಯಾಶ್' ಸಣ್ಣ ಪ್ರಮಾಣದಲ್ಲಿ ಹೊರಬಂದು ಮರೆಯಾಗಿತ್ತು. 2005ರಲ್ಲಿ ಡ್ರ್ಯಾಗ್ ಸಿಟಿ ಸಂಸ್ಥೆ ಅದನ್ನು ಮರುಪ್ರಕಟಿಸಿತು. ಬಾಬ್ ಟ್ರಿಂಬಲ್ 1980 ಮತ್ತು 1982ರಲ್ಲಿ ಸ್ವತಃ ಹೊರತಂದ ಎರಡು ಆಲ್ಬಮ್‌ಗಳು 2007ರಲ್ಲಿ ಮರುಮುದ್ರಣ ಕಂಡವು. ಬಿಡುಗಡೆಯ ಕಾಲದಲ್ಲಿ ಕೆಲವೇ ಜನರನ್ನು ಮುಟ್ಟಿದ ಈ ಕೃತಿಗಳು ಉಳಿದುಬಂದದ್ದು ಸಂಗ್ರಾಹಕರ ಬಳಿ ಇದ್ದ ಕೆಲವು ತಟ್ಟೆಗಳಿಂದ ಮತ್ತು ಕಲಾವಿದರು ಕಾಪಾಡಿಕೊಂಡಿದ್ದ ಮೂಲ ಟೇಪುಗಳಿಂದ.

ಭಾರತದಲ್ಲಿ ಪೂರ್ವ ಪ್ರಯತ್ನಗಳು

ಭಾರತೀಯ ಭಾಷೆಗಳಲ್ಲಿ ಜನಪದ ಸಂಗೀತವನ್ನು ರಾಕ್‌ನೊಂದಿಗೆ ಬೆಸೆದ ಆರಂಭಿಕ ತಂಡಗಳಲ್ಲಿ 1970ರ ದಶಕದ ನಡುವೆ ಕೋಲ್ಕತ್ತದಲ್ಲಿ ಹುಟ್ಟಿದ ಮೊಹಿನೇರ್ ಘೋರಾಗುಲಿ ಮುಖ್ಯವಾದುದು. ಗೌತಮ್ ಚಟ್ಟೋಪಾಧ್ಯಾಯ ನೇತೃತ್ವದ ಈ ತಂಡವು ಬಾವುಲ್ ಗಾಯನವನ್ನು ರಾಕ್ ಮತ್ತು ಜಾಜ್ ಜೊತೆ ಸೇರಿಸಿತು. ದೆಹಲಿಯ ಇಂಡಿಯನ್ ಓಷನ್ ತಂಡದ 'ಕಂಡಿಸಾ' (2000) ಮತ್ತು ಕೇರಳದ ಅವಿಯಲ್ ತಂಡದ ಮೊದಲ ಆಲ್ಬಮ್ (2008) ಪ್ರಾದೇಶಿಕ ಸಾಹಿತ್ಯವನ್ನು ರಾಕ್ ವೇದಿಕೆಗೆ ತಂದ ಮುಂದಿನ ಹೆಜ್ಜೆಗಳು. ಕನ್ನಡದ ಪ್ರಯತ್ನಗಳು ಇವುಗಳ ಸಮಕಾಲೀನವಾದರೂ ಅವುಗಳ ಬೇರು ಕನ್ನಡದ ರಂಗಸಂಗೀತ ಮತ್ತು ಸುಗಮ ಸಂಗೀತದಲ್ಲಿಯೂ ಇದೆ.

ಸಾಹಿತ್ಯದ ಮೂಲಗಳು

ತತ್ವಪದ ಮತ್ತು ಬೆಡಗು

ಶಿಶುನಾಳ ಷರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿದ್ದ ಅವರ ಪದಗಳು ದಿನಬಳಕೆಯ ವಸ್ತುಗಳನ್ನು ಹಿಡಿದು ಅಧ್ಯಾತ್ಮವನ್ನು ಹೇಳುತ್ತವೆ. 'ಸೋರುತಿಹುದು ಮನೆಯ ಮಾಳಿಗಿ' ಎಂಬ ಪದದಲ್ಲಿ ಸೋರುವ ಮನೆ ಅಜ್ಞಾನಕ್ಕೆ ಈಡಾದ ದೇಹಕ್ಕೆ ರೂಪಕವಾಗುತ್ತದೆ. 'ಗುಡುಗುಡಿಯ ಸೇದಿ ನೋಡೊ' ಎಂಬಲ್ಲಿ ಹುಕ್ಕಾ ಸೇದುವ ಕ್ರಿಯೆಯೇ ಸಾಧನೆಯ ಸಂಕೇತ. 'ಕೋಡಗನ ಕೋಳಿ ನುಂಗಿತ್ತ' ಎಂಬ ಪದದಲ್ಲಿ ಕೋಳಿಯು ಕೋತಿಯನ್ನು ನುಂಗುತ್ತದೆ. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಅಸಂಭವ ಚಿತ್ರಗಳು ಬರುತ್ತವೆ. ಕೊನೆಯಲ್ಲಿ ಗುರುವಿನ ಪಾದದಲ್ಲಿ 'ನಾನು' ಎಂಬುದು ಕರಗಿದಾಗ ಇಡೀ ಒಗಟು ಬಿಚ್ಚಿಕೊಳ್ಳುತ್ತದೆ.

ಲೋಕದ ತರ್ಕವನ್ನು ತಲೆಕೆಳಗು ಮಾಡಿ ಅನುಭಾವವನ್ನು ಸೂಚಿಸುವ ಈ ಕ್ರಮಕ್ಕೆ ಕನ್ನಡದಲ್ಲಿ ಬೆಡಗು ಎಂಬ ಹೆಸರಿದೆ. ಇದರ ಪರಂಪರೆ 12ನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳವರೆಗೆ ಹಿಂದಕ್ಕೆ ಹೋಗುತ್ತದೆ. ಪಾಶ್ಚಾತ್ಯ ಸೈಕೆಡೆಲಿಕ್ ಗೀತೆಗಳಲ್ಲಿ ಕಾಣುವ ಕನಸಿನಂಥ ಪ್ರತಿಮೆಗಳಿಗೆ ಇವು ಮೇಲುನೋಟಕ್ಕೆ ಹತ್ತಿರವೆನಿಸುತ್ತವೆ. ಆದರೆ ಮೂಲ ಬೇರೆ. ಅಲ್ಲಿ ಪ್ರತಿಮೆಗಳು ಬಹುಮಟ್ಟಿಗೆ ಮಾದಕ ವಸ್ತುಗಳ ಸಂಸ್ಕೃತಿಯೊಡನೆ ಬೆಳೆದವು. ಇಲ್ಲಿ ಅವು ಗುರು-ಶಿಷ್ಯ ಪರಂಪರೆಯ ಸಾಧನೆಯ ಪರಿಭಾಷೆ. ಗುಡುಗುಡಿಯ ಪದದಲ್ಲಿ ಹೊಗೆಯ ಮಾತು ಬಂದರೂ ಅದು ಬಿಡಬೇಕಾದ ವಿಷಯಾಸಕ್ತಿಯ ಕಡೆಗೆ ಬೊಟ್ಟು ಮಾಡುತ್ತದೆ.

ತುಮಕೂರು ಪ್ರದೇಶ

ಕುಣಿಗಲ್ ಪಟ್ಟಣದ ದೊಡ್ಡ ಕೆರೆಯನ್ನು ಕುರಿತ 'ಮೂಡಲ ಕುಣಿಗಲ ಕೆರೆ' ಕನ್ನಡದ ಅತ್ಯಂತ ಪರಿಚಿತ ಜನಪದ ಗೀತೆಗಳಲ್ಲೊಂದು. ಕೆರೆಯ ಸೊಬಗನ್ನೂ ಅಲ್ಲಿ ಮೂಡುವ ಚಂದ್ರನನ್ನೂ ಹೊಗಳುವ ಈ ಹಾಡು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸುಗಮ ಸಂಗೀತದ ವೇದಿಕೆಗೆ, ಅಲ್ಲಿಂದ ಶಾಲಾ ವಾರ್ಷಿಕೋತ್ಸವಗಳವರೆಗೆ ಸಾಗಿದೆ. ಸಾಲಿನ ಕೊನೆಯಲ್ಲಿ ಮರಳಿ ಬರುವ ಸೊಲ್ಲು ಮತ್ತು ಸರಳ ನಡೆ ಇರುವುದರಿಂದ ಇಂಥ ಹಾಡುಗಳನ್ನು ಗಿಟಾರ್‌ನ ಸ್ವರಮೇಳಗಳಿಗೆ ಹೊಂದಿಸುವುದು ಸುಲಭ.

ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ಕ್ಷೇತ್ರ. ಬಸವೋತ್ತರ ಯುಗದ ಪ್ರಮುಖ ವಚನಕಾರರಾದ ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ವು 701 ವಚನಗಳ ಸಂಕಲನವಾಗಿದ್ದು, ಅದರಲ್ಲಿ ಬೆಡಗಿನ ವಚನಗಳೂ ಇವೆ.

ಜಿಲ್ಲೆಯ ಉತ್ತರ ಭಾಗದಲ್ಲಿ, ವಿಶೇಷವಾಗಿ ಶಿರಾ ಸೀಮೆಯಲ್ಲಿ, ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಮಹಾಕಾವ್ಯವನ್ನು ಹಾಡುತ್ತಾರೆ. ಈ ಹಾಡಿಕೆಯ ವಾದ್ಯ ಗಣೆ. ಅದು ಬಿದಿರಿನಿಂದ ಮಾಡಿದ ಉದ್ದನೆಯ ಕೊಳಲು. ರಾತ್ರಿಯಿಡೀ ನಡೆಯುವ ಕಥನದಲ್ಲಿ ಹಾಡುಗಾರಿಕೆಯೂ ಗಣೆಯ ತುಂಬು ನಾದವೂ ಒಂದನ್ನೊಂದು ಹಿಂಬಾಲಿಸುತ್ತವೆ. ದೀರ್ಘ ಶ್ರುತಿ ಮತ್ತು ಪುನರಾವರ್ತನೆಯ ಮೂಲಕ ಕೇಳುಗರನ್ನು ತನ್ನೊಳಗೆ ಸೆಳೆದುಕೊಳ್ಳುವ ಗುಣ ಸೈಕೆಡೆಲಿಕ್ ಜನಪದ ಸಂಗೀತವು ಅರಸಿದ ಗುಣವೇ ಆಗಿದೆ.

ಇತಿಹಾಸ

ರಂಗಸಂಗೀತದ ದಾರಿ

ಜನಪದ ಮಟ್ಟುಗಳನ್ನು ಹೊಸ ನಗರ ಪ್ರೇಕ್ಷಕರಿಗೆ ತಲುಪಿಸುವ ಕೆಲಸವನ್ನು ಕನ್ನಡದಲ್ಲಿ ಮೊದಲು ಮಾಡಿದ್ದು ರಂಗಭೂಮಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿನ ಹೆಸರಾಂತ ವೃತ್ತಿ ನಾಟಕ ಕಂಪನಿಯಾಯಿತು. ಕಂಪನಿ ನಾಟಕಗಳಲ್ಲಿ ಹಾಡೇ ಪ್ರಧಾನ. ಶಾಸ್ತ್ರೀಯ ರಾಗ, ಮರಾಠಿ ಮಟ್ಟು, ಜನಪದ ಧಾಟಿ ಎಲ್ಲವೂ ಹಾರ್ಮೋನಿಯಂ ಮತ್ತು ತಬಲಾದ ಜೊತೆ ಒಂದೇ ವೇದಿಕೆಯಲ್ಲಿ ಕೂಡಿದ್ದವು.

ಬಾಲಕನಾಗಿದ್ದಾಗ ಈ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ ಆಧುನಿಕ ಕನ್ನಡ ರಂಗಸಂಗೀತಕ್ಕೆ ಹೊಸ ರೂಪ ಕೊಟ್ಟರು. ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ಜನಪದ ಕುಣಿತಗಳ ಲಯ, ಸಾಮಾನ್ಯ ವಸ್ತುಗಳ ಸದ್ದು, ಗುಂಪುಗಾಯನ ಇವೆಲ್ಲವನ್ನೂ ಕಾರಂತರು ಸಂಗೀತವೆಂದೇ ಬಳಸಿದರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಜನಪದ ಮಟ್ಟನ್ನು ಇದ್ದಂತೆಯೇ ಪ್ರದರ್ಶಿಸದೆ ಹೊಸ ಕೃತಿಯ ಕಚ್ಚಾ ಸಾಮಗ್ರಿಯಾಗಿ ಬಳಸಬಹುದೆಂಬ ತಿಳಿವಳಿಕೆ ಕನ್ನಡದಲ್ಲಿ ಬೇರೂರಿದ್ದು ಈ ರಂಗಸಂಗೀತದಿಂದ.

ಕ್ಯಾಸೆಟ್ ಯುಗ

1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಪರಿಗಣಿತವಾಗಿದೆ. ಚಿತ್ರಗೀತೆಯಲ್ಲದ ಕನ್ನಡ ಹಾಡಿಗೂ ಮಾರುಕಟ್ಟೆಯಿದೆ ಎಂಬುದನ್ನು ಅದು ತೋರಿಸಿತು. ಮುಂದಿನ ದಶಕದಲ್ಲಿ ಸಿ. ಅಶ್ವತ್ಥ್ (1939–2009) ಷರೀಫರ ಪದಗಳಿಗೆ ಸಂಗೀತ ಸಂಯೋಜಿಸಿ ಅವನ್ನು ಮನೆಮಾತಾಗಿಸಿದರು. ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಷರೀಫ' (1990) ಚಿತ್ರಕ್ಕೂ ಅವರದೇ ಸಂಗೀತ. ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರಕ್ಕೆ ನೀಡುವ ನರ್ಗಿಸ್ ದತ್ ಪ್ರಶಸ್ತಿ ಈ ಚಿತ್ರಕ್ಕೆ ಲಭಿಸಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಭಾರಿ ಜನಸ್ತೋಮ ಸೇರಿತ್ತು. ಹೀಗೆ ರಾಕ್ ಸಂಗೀತಗಾರರು ಷರೀಫರನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಪದಗಳು ಕೇಳುಗರ ಕಿವಿಯಲ್ಲಿ ಆಗಲೇ ನೆಲೆಸಿದ್ದವು.

ಅಂತರಾಗ್ನಿ ಮತ್ತು ರಘು ದೀಕ್ಷಿತ್

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಮತ್ತು ಭರತನಾಟ್ಯ ಕಲಿತವರು. ಗಿಟಾರ್ ಕಲಿಕೆ ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬರೊಡನೆ ಕಟ್ಟಿದ ಪಂತದಿಂದ ಆರಂಭವಾಯಿತು. 1990ರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿನಲ್ಲಿ ಅಂತರಾಗ್ನಿ ಎಂಬ ತಂಡ ಕಟ್ಟಿದರು. ಬೆಂಗಳೂರಿನ ರಾಕ್ ತಂಡಗಳು ಬಹುತೇಕ ಇಂಗ್ಲಿಷಿನಲ್ಲಿ ಹಾಡುತ್ತಿದ್ದ ಕಾಲ ಅದು. ಆ ತಂಡ ಚದುರಿದ ಬಳಿಕ ಅವರು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ, ಸಂದರ್ಭಕ್ಕೆ ತಕ್ಕಂತೆ ಸಂಗೀತಗಾರರು ಬಂದು ಸೇರುವ ಮುಕ್ತ ಬಳಗವೊಂದನ್ನು ರಚಿಸಿದರು.

ಹಲವು ವರ್ಷ ಧ್ವನಿಮುದ್ರಣ ಕಂಪನಿಗಳು ಅವರ ಹಾಡುಗಳನ್ನು ನಿರಾಕರಿಸಿದವು. ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮ ಸಂಸ್ಥೆಯ ಮೂಲಕ 2008ರಲ್ಲಿ ಮೊದಲ ಆಲ್ಬಮ್ ಪ್ರಕಟಿಸಿದರು. ಹಿಂದಿ ಮತ್ತು ಇಂಗ್ಲಿಷ್ ಗೀತೆಗಳ ಜೊತೆಗೆ 'ಗುಡುಗುಡಿಯ ಸೇದಿ ನೋಡೊ' ಮತ್ತು 'ಸೋರುತಿಹುದು ಮನೆಯ ಮಾಳಿಗಿ' ಎಂಬ ಷರೀಫರ ಎರಡು ಪದಗಳು ಅದರಲ್ಲಿವೆ. 2010ರಲ್ಲಿ ಬಿಬಿಸಿ ವಾಹಿನಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಬಳಿಕ ಬ್ರಿಟನ್ನಿನಲ್ಲಿ ಅವರ ಆಲ್ಬಮ್‌ಗೆ ಬೇಡಿಕೆ ಹೆಚ್ಚಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ಕಾರ್ಯಕ್ರಮ ನಡೆಯಿತು. ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಉದಯೋನ್ಮುಖ ಕಲಾವಿದ ಪ್ರಶಸ್ತಿಯೂ ಬಂತು. ಬಣ್ಣದ ಲುಂಗಿ ಮತ್ತು ಕಾಲ್ಗೆಜ್ಜೆ ತೊಟ್ಟು ಹಾಡುವುದು ಅವರ ವೇದಿಕೆಯ ಗುರುತಾಯಿತು. ಎರಡನೆಯ ಆಲ್ಬಮ್ 'ಜಗ್ ಚಂಗಾ' 2013ರಲ್ಲಿ ಹೊರಬಂತು.

ಸ್ವರಾತ್ಮ ಮತ್ತು ಇತರರು

ಬೆಂಗಳೂರಿನ ಸ್ವರಾತ್ಮ ತಂಡವು ಹಿಂದಿ ಮತ್ತು ಕನ್ನಡ ಎರಡರಲ್ಲೂ ಹಾಡುತ್ತದೆ. ತಂಡದ ಗಾಯಕ ವಾಸು ದೀಕ್ಷಿತ್ ವೇದಿಕೆಯಲ್ಲಿ ಹುಸಿಗುದುರೆಯ ವೇಷ ತೊಡುವುದುಂಟು. ಜಾತ್ರೆ ಮತ್ತು ಮೆರವಣಿಗೆಗಳ ಈ ಜನಪದ ವೇಷವನ್ನು ರಾಕ್ ವೇದಿಕೆಗೆ ತಂದದ್ದು ತಂಡದ ವಿಶಿಷ್ಟತೆ. ನೀರು, ರಾಜಕೀಯ, ಧರ್ಮದ ಹೆಸರಿನ ಕಲಹ ಮೊದಲಾದ ಸಮಕಾಲೀನ ವಸ್ತುಗಳನ್ನು ತಂಡವು ತನ್ನ ಹಾಡುಗಳಿಗೆ ಆಯ್ದುಕೊಂಡಿದೆ. ಬೆಂಗಳೂರಿನ ಲಗೋರಿ ತಂಡವೂ ಜನಪದ ರಾಕ್‌ನಲ್ಲಿ ಹೆಸರು ಮಾಡಿದೆ.

ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' (2013) ಚಿತ್ರವು ಈ ಇತಿಹಾಸದಲ್ಲಿ ಎರಡು ಕಾರಣಗಳಿಂದ ಉಲ್ಲೇಖನೀಯ. ಕನಸು ಕಾಣಿಸುವ ಗುಳಿಗೆಯ ಸುತ್ತ ಹೆಣೆದ ಅದರ ಕಥೆಗೆ ಪೂರ್ಣಚಂದ್ರ ತೇಜಸ್ವಿ ನೀಡಿದ ಸಂಗೀತದಲ್ಲಿ ಹಳೆ ಮೈಸೂರು ಸೀಮೆಯ ಆಡುಮಾತು ಮತ್ತು ಜನಪದ ಧಾಟಿ ರಾಕ್‌ನೊಡನೆ ಬೆರೆತಿದೆ. ಚಿತ್ರಕ್ಕೆ ಬೇಕಾದ ಹಣವನ್ನು ನಿರ್ದೇಶಕರು ಅಂತರಜಾಲದ ಮೂಲಕ ಪ್ರೇಕ್ಷಕರಿಂದಲೇ ಸಂಗ್ರಹಿಸಿದರು. ನಿರ್ಮಾಪಕರಿಲ್ಲದೆಯೂ ಕನ್ನಡದ ಕೃತಿಯೊಂದು ಜನರನ್ನು ತಲುಪಬಲ್ಲದು ಎಂಬುದಕ್ಕೆ ಅದು ನಿದರ್ಶನವಾಯಿತು.

ಸಂಗೀತದ ರಚನೆ

ತತ್ವಪದಗಳನ್ನು ಸಾಂಪ್ರದಾಯಿಕವಾಗಿ ಏಕತಾರಿ, ದಮ್ಮಡಿ, ತಾಳ ಮತ್ತು ಚಿಟಿಕೆಗಳೊಂದಿಗೆ ಭಜನೆಯ ಮಾದರಿಯಲ್ಲಿ ಹಾಡುತ್ತಾರೆ. ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಜನಪದ ರಾಕ್ ಈ ವ್ಯವಸ್ಥೆಯನ್ನು ಹೀಗೆ ಮಾರ್ಪಡಿಸುತ್ತದೆ:

• ಏಕತಾರಿಯ ಆಧಾರ ಶ್ರುತಿಯ ಸ್ಥಾನವನ್ನು ಅಕೂಸ್ಟಿಕ್ ಗಿಟಾರ್‌ನ ಮುಕ್ತ ತಂತಿಗಳು ಅಥವಾ ಬೇಸ್ ಗಿಟಾರ್‌ನ ಸ್ಥಿರ ಸ್ವರ ವಹಿಸಿಕೊಳ್ಳುತ್ತದೆ.

• ದಮ್ಮಡಿ ಮತ್ತು ತಾಳದ ಲಯವನ್ನು ಡ್ರಮ್ಸ್ ಮುಂದುವರಿಸುತ್ತದೆ. ಕೆಲವು ತಂಡಗಳು ಢೋಲಕ್ ಅಥವಾ ಖಂಜರಿಯನ್ನೂ ಉಳಿಸಿಕೊಳ್ಳುತ್ತವೆ.

• ಹಿಮ್ಮೇಳದ ಸೊಲ್ಲು ಸಭಿಕರೂ ದನಿಗೂಡಿಸುವ ಪಲ್ಲವಿಯಾಗುತ್ತದೆ.

• ಎರಡು ನುಡಿಗಳ ನಡುವೆ ಪಿಟೀಲು, ಕೊಳಲು ಅಥವಾ ವಿದ್ಯುತ್ ಗಿಟಾರ್‌ನ ದೀರ್ಘ ಆಲಾಪ ಬರುತ್ತದೆ. ಸೈಕೆಡೆಲಿಕ್ ಛಾಯೆ ಹೆಚ್ಚಾಗಿ ಕಾಣುವುದು ಈ ಭಾಗದಲ್ಲಿ.

ಮೂಲ ಪದಗಳು ಒಂದೇ ರಾಗದ ಚೌಕಟ್ಟಿನಲ್ಲಿ ಸಾಗುತ್ತವೆ; ರಾಕ್ ಸಂಗೀತವು ಸ್ವರಮೇಳಗಳ ಬದಲಾವಣೆಯನ್ನು ಅವಲಂಬಿಸಿದೆ. ಈ ಎರಡನ್ನು ಹೊಂದಿಸುವಾಗ ಸ್ವರಮೇಳಗಳ ಸಂಖ್ಯೆಯನ್ನು ಎರಡು ಮೂರಕ್ಕೆ ಮಿತಿಗೊಳಿಸುವುದು ರೂಢಿ. ಇಲ್ಲವಾದರೆ ಹಾಡಿನ ಮೂಲ ಮಟ್ಟು ಗುರುತು ಸಿಗದಂತಾಗುತ್ತದೆ.

ಸ್ವಯಂ ಬಿಡುಗಡೆ

ಕ್ಯಾಸೆಟ್ ಯುಗದಲ್ಲಿ ಕಲಾವಿದರು ಕೇಳುಗರನ್ನು ತಲುಪಬೇಕಾದರೆ ಲಹರಿಯಂಥ ಕಂಪನಿಯ ಒಪ್ಪಿಗೆ ಬೇಕಿತ್ತು. ಧ್ವನಿಮುದ್ರಣ ಕೇಂದ್ರದ ಬಾಡಿಗೆ, ಪ್ರತಿಗಳ ತಯಾರಿಕೆ, ಅಂಗಡಿಗಳಿಗೆ ಸಾಗಣೆ ಇವೆಲ್ಲಕ್ಕೂ ಬಂಡವಾಳ ಅಗತ್ಯ. ಗಣಕಯಂತ್ರ ಆಧಾರಿತ ಧ್ವನಿಮುದ್ರಣ ಅಗ್ಗವಾದಂತೆ ಒಬ್ಬರೇ ಮನೆಯ ಕೋಣೆಯಲ್ಲಿ ಎಲ್ಲ ವಾದ್ಯಗಳನ್ನೂ ಒಂದರ ಮೇಲೊಂದು ಪದರವಾಗಿ ಮುದ್ರಿಸುವುದು ಸಾಧ್ಯವಾಯಿತು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ತುಮಕೂರು ಮತ್ತು ಕುಣಿಗಲ್‌ನಂಥ ಊರುಗಳ ಸಂಗೀತಗಾರರಿಗೂ ಇದರಿಂದ ರಾಜಧಾನಿಯ ಸ್ಟುಡಿಯೊವನ್ನೇ ಅವಲಂಬಿಸಬೇಕಾದ ಅನಿವಾರ್ಯತೆ ತಪ್ಪಿತು.

ಸ್ವಯಂ ಬಿಡುಗಡೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹಂತಗಳಿವೆ: ಧ್ವನಿಮುದ್ರಣ, ಪದರಗಳ ಮಿಶ್ರಣ, ಅಂತಿಮ ಸಂಸ್ಕರಣೆ ಮತ್ತು ವಿತರಣೆ. ಪ್ರತಿ ಹಾಡಿನ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಅಂತರರಾಷ್ಟ್ರೀಯ ಗುರುತುಸಂಖ್ಯೆ ಪಡೆಯಲಾಗುತ್ತದೆ. ವಿತರಣಾ ಸಂಸ್ಥೆಯೊಂದು ಶುಲ್ಕ ಅಥವಾ ಪಾಲು ಪಡೆದು ಹಾಡುಗಳನ್ನು ಅಂತರಜಾಲದ ಸಂಗೀತ ತಾಣಗಳಿಗೆ ಸೇರಿಸುತ್ತದೆ. ಮುದ್ರಣದ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ.

ದೊಡ್ಡ ತಂಡಗಳೂ ಈ ದಾರಿಯನ್ನು ಪರೀಕ್ಷಿಸಿವೆ. ಇಂಡಿಯನ್ ಓಷನ್ ತಂಡವು '16/330 ಖಜೂರ್ ರೋಡ್' ಆಲ್ಬಮ್‌ನ ಏಳು ಹಾಡುಗಳನ್ನು 2010ರ ಜುಲೈನಿಂದ ತಿಂಗಳಿಗೊಂದರಂತೆ ಅಂತರಜಾಲದಲ್ಲಿ ಉಚಿತವಾಗಿ ನೀಡಿತು. ಆಲ್ಬಮ್ ಮಾರಾಟಕ್ಕಿಂತ ವೇದಿಕೆಯ ಕಾರ್ಯಕ್ರಮಗಳೇ ಆದಾಯದ ಮೂಲವೆಂಬ ಲೆಕ್ಕಾಚಾರ ಇದರ ಹಿಂದಿತ್ತು. ಮದುವೆ, ಕಾಲೇಜು ಉತ್ಸವ, ರಾಜ್ಯೋತ್ಸವದ ವೇದಿಕೆಗಳು ಕನ್ನಡದ ಸ್ವತಂತ್ರ ಕಲಾವಿದರಿಗೂ ಇಂಥದೇ ಆಸರೆ.

ಹಕ್ಕುಸ್ವಾಮ್ಯ

ಒಂದೇ ಜನಪದ ರಾಕ್ ಹಾಡಿನಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಮತ್ತು ಗಾಯನ ಎಂಬ ನಾಲ್ಕು ಬೇರೆ ಬೇರೆ ಹಕ್ಕುಗಳಿರುತ್ತವೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆ 1957ರ ಪ್ರಕಾರ ಇವುಗಳ ಸ್ಥಿತಿ ಹೀಗಿದೆ:

• ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಇರುತ್ತದೆ. 1889ರಲ್ಲಿ ತೀರಿಕೊಂಡ ಷರೀಫರ ಪದಗಳನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಸಿ. ಅಶ್ವತ್ಥ್ ಅವುಗಳಿಗೆ ನೀಡಿದ ಸಂಗೀತ ಇನ್ನೂ ರಕ್ಷಣೆಯಲ್ಲಿದೆ.

• ಧ್ವನಿಮುದ್ರಣದ ಹಕ್ಕು ಪ್ರಕಟಣೆಯಾದ ಮೇಲೆ 60 ವರ್ಷ ಇರುತ್ತದೆ. ಕಾಯಿದೆಯ ದೃಷ್ಟಿಯಲ್ಲಿ ಧ್ವನಿಮುದ್ರಣದ ಕರ್ತೃ ಎಂದರೆ ನಿರ್ಮಾಪಕ, ಗಾಯಕನಲ್ಲ. ಸ್ವಯಂ ಬಿಡುಗಡೆಯಲ್ಲಿ ಗಾಯಕನೇ ನಿರ್ಮಾಪಕನಾಗುವುದರಿಂದ ಎರಡೂ ಸ್ಥಾನಗಳು ಒಬ್ಬನಲ್ಲೇ ಸೇರುತ್ತವೆ.

• ಗಾಯಕರು ಮತ್ತು ವಾದಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಪ್ರದರ್ಶಕರ ಹಕ್ಕು ಇದೆ. ಹಳ್ಳಿಯ ಗಾಯಕಿಯೊಬ್ಬರ ಹಾಡನ್ನು ಮುದ್ರಿಸಿಕೊಂಡು ಆಲ್ಬಮ್‌ಗೆ ಸೇರಿಸುವವರಿಗೆ ಅವರ ಒಪ್ಪಿಗೆ ಅಗತ್ಯ.

• ಬೇರೆಯವರು ಮುದ್ರಿಸಿದ ಕೃತಿಯನ್ನು ಮತ್ತೆ ಹಾಡಿ ಪ್ರಕಟಿಸಲು, ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ಶಾಸನಬದ್ಧ ಪರವಾನಗಿ ದೊರೆಯುತ್ತದೆ. ಇದಕ್ಕೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಪಾವತಿಸಬೇಕು. ನೂರಿನ್ನೂರು ಪ್ರತಿ ಹೊರತರುವ ಸ್ವತಂತ್ರ ಕಲಾವಿದರಿಗೆ ಇದು ದೊಡ್ಡ ಹೊರೆ. ಹಕ್ಕುದಾರರಿಂದ ನೇರವಾಗಿ ಅನುಮತಿ ಪಡೆಯುವುದು ಇಲ್ಲವೇ ಹಳೆಯ ಪದಕ್ಕೆ ಸ್ವಂತ ಮಟ್ಟು ಹಾಕುವುದು ಅವರಿಗಿರುವ ಇತರ ದಾರಿಗಳು.

2012ರ ತಿದ್ದುಪಡಿಯು ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಪಾಲನ್ನು ಖಚಿತಪಡಿಸಿತು. ಜನಪದ ಅಭಿವ್ಯಕ್ತಿಗೆ ಕಾಯಿದೆಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. ಹೀಗಾಗಿ ಕುಣಿಗಲ್ ಕೆರೆಯ ಹಾಡನ್ನು ಯಾರು ಮುದ್ರಿಸಿದರೂ ಆ ಮುದ್ರಣದ ಒಡೆತನ ಅವರದಾಗುತ್ತದೆ. ಹಾಡನ್ನು ತಲೆಮಾರುಗಳಿಂದ ಕಾಪಾಡಿದ ಸಮುದಾಯಕ್ಕೆ ಕಾನೂನಿನ ಪಾಲು ಇರುವುದಿಲ್ಲ. ಹಾಡು ದೊರೆತ ಊರು ಮತ್ತು ಹಾಡಿದವರ ಹೆಸರನ್ನು ಆಲ್ಬಮ್‌ನ ವಿವರಗಳಲ್ಲಿ ದಾಖಲಿಸುವುದು ಜಾನಪದ ಸಂಗ್ರಹಕಾರರು ಪಾಲಿಸಿಕೊಂಡು ಬಂದ ಕ್ರಮ.

ಸಂರಕ್ಷಣೆ

ಭಾರತದಲ್ಲಿ ಪ್ರಕಟವಾಗುವ ಪುಸ್ತಕ ಮತ್ತು ವೃತ್ತಪತ್ರಿಕೆಗಳ ಪ್ರತಿಗಳನ್ನು 1954ರ ಕಾಯಿದೆಯಂತೆ ನಿಗದಿತ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ಈ ಕಾಯಿದೆ ಧ್ವನಿಮುದ್ರಣಗಳನ್ನು ಒಳಗೊಂಡಿಲ್ಲ. ಆದ್ದರಿಂದ ಸ್ವಯಂ ಬಿಡುಗಡೆಯ ಆಲ್ಬಮ್‌ನ ಉಳಿವು ಸಂಪೂರ್ಣವಾಗಿ ಕಲಾವಿದರ ಮತ್ತು ಕೇಳುಗರ ಕೈಯಲ್ಲಿದೆ. ಅಂತರಜಾಲದ ತಾಣವನ್ನೇ ಏಕೈಕ ಭಂಡಾರವೆಂದು ನಂಬುವುದರ ಅಪಾಯ 2019ರಲ್ಲಿ ಸ್ಪಷ್ಟವಾಯಿತು. ಸ್ವತಂತ್ರ ಸಂಗೀತಗಾರರು ವ್ಯಾಪಕವಾಗಿ ಬಳಸುತ್ತಿದ್ದ ಮೈಸ್ಪೇಸ್ ತಾಣವು 2015 ಮತ್ತು ಅದಕ್ಕೂ ಹಿಂದಿನ ಹನ್ನೆರಡು ವರ್ಷಗಳಲ್ಲಿ ಸೇರಿಸಲಾಗಿದ್ದ ಹಾಡುಗಳು ದತ್ತಾಂಶ ಸ್ಥಳಾಂತರದ ವೇಳೆ ನಷ್ಟವಾದವೆಂದು ಆ ವರ್ಷ ಒಪ್ಪಿಕೊಂಡಿತು. 300 ಪ್ರತಿ ಅಚ್ಚಾದ 1970ರ ತಟ್ಟೆ ಉಳಿದುಕೊಂಡಿತು. ಅಂತರಜಾಲದಲ್ಲಷ್ಟೇ ಇದ್ದ ಅಸಂಖ್ಯ ಹಾಡುಗಳು ಉಳಿಯಲಿಲ್ಲ.

ಮೂಲ ಜನಪದ ಗಾಯನದ ಸಂರಕ್ಷಣೆಯಲ್ಲಿ ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಕಾರ್ಯ ಮಹತ್ವದ್ದು. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಜನಪದ ವಾದ್ಯ ಮತ್ತು ವಸ್ತುಗಳ ಸಂಗ್ರಹವಿದೆ. ಷರೀಫರ ಊರಿರುವ ಶಿಗ್ಗಾಂವಿ ತಾಲ್ಲೂಕಿನದೇ ಆದ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಕಾರ್ಯನಿರ್ವಹಿಸುತ್ತಿದೆ.

ವಿಮರ್ಶೆ

ಜನಪದ ರಾಕ್ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ರಾಕ್‌ನ ವೇಗ ಮತ್ತು ಅಬ್ಬರದಲ್ಲಿ ತತ್ವಪದದ ಅರ್ಥ ಮುಚ್ಚಿಹೋಗುತ್ತದೆ, ಕುಣಿಯುವ ಸಭೆಗೆ ಬೆಡಗಿನ ಒಗಟು ತಲುಪುವುದಿಲ್ಲ ಎಂಬುದು ಒಂದು ಆಕ್ಷೇಪ. ಹಾಡನ್ನು ಅದರ ಆಚರಣೆ, ಋತು ಮತ್ತು ಸಮುದಾಯದಿಂದ ಬೇರ್ಪಡಿಸಿದಾಗ ಅದು ಬರಿಯ ಮನರಂಜನೆಯಾಗುತ್ತದೆ ಎಂಬುದು ಇದರ ಮುಂದುವರಿಕೆ. ಜುಂಜಪ್ಪನ ಕಾವ್ಯದಂಥ ಆರಾಧನಾ ಸಾಹಿತ್ಯದ ವಿಷಯದಲ್ಲಿ ಈ ಆಕ್ಷೇಪಕ್ಕೆ ಹೆಚ್ಚು ತೂಕವಿದೆ.

ಇದಕ್ಕೆ ಪ್ರತಿಯಾಗಿ, ಜನಪದ ಹಾಡು ಎಂದೂ ಒಂದೇ ರೂಪದಲ್ಲಿ ನಿಂತಿಲ್ಲ ಎಂಬ ವಾದವಿದೆ. ಏಕತಾರಿಯ ಜೊತೆ ಹಾರ್ಮೋನಿಯಂ ಬಂದಾಗ, ಹಾರ್ಮೋನಿಯಂನಿಂದ ಕ್ಯಾಸೆಟ್ಟಿನ ವಾದ್ಯಗೋಷ್ಠಿಗೆ ಸಾಗಿದಾಗ ಹಾಡು ಬದಲಾಗಿತ್ತು. ಗಿಟಾರ್ ಅದೇ ಸರಣಿಯ ಮುಂದಿನ ಹಂತ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಗರದ ಯುವಜನರಲ್ಲಿ ಮತ್ತು ಹೊರದೇಶಗಳ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರು ಷರೀಫರ ಹೆಸರನ್ನು ಮೊದಲು ಕೇಳಿದ್ದು ಈ ಹಾಡುಗಳ ಮೂಲಕ ಎಂಬುದನ್ನು ಈ ಪ್ರಕಾರದ ಸಾಧನೆಯೆಂದು ಪರಿಗಣಿಸಲಾಗುತ್ತದೆ.

ಪ್ರಮುಖ ಆಲ್ಬಮ್‌ಗಳು

• ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ (2008)
• ಸ್ವರಾತ್ಮ – ಸ್ವರಾತ್ಮ ತಂಡ (2009)
• ಟೋಪಿವಾಲೆ – ಸ್ವರಾತ್ಮ ತಂಡ (2012)
• ಜಗ್ ಚಂಗಾ – ರಘು ದೀಕ್ಷಿತ್ ಪ್ರಾಜೆಕ್ಟ್ (2013)
• ರಾಹ್-ಎ-ಫಕೀರಾ – ಸ್ವರಾತ್ಮ ತಂಡ (2018)

ಇವನ್ನೂ ನೋಡಿ

• ಶಿಶುನಾಳ ಷರೀಫ
• ತತ್ವಪದ
• ಬೆಡಗಿನ ವಚನಗಳು
• ಗುಬ್ಬಿ ವೀರಣ್ಣ
• ಬಿ. ವಿ. ಕಾರಂತ
• ಜುಂಜಪ್ಪ
• ಸುಗಮ ಸಂಗೀತ